ಕೋಟೆಯ ಕೆಳಗಿನ ನೀರು

ವೈಶಾಖದ ಬಿಸಿಲಿನಲ್ಲಿ ಬೀದರ ಸೀಮೆಗೆ ಪ್ರವಾಸ ಹೊರಡುವೆವೆಂದು ತಿಳಿಸಿದಾಗ ನಮ್ಮ ಮಿತ್ರರಲ್ಲಿ ಹಲವರು ನಕ್ಕರು. ಕೋಟೆಗಳನ್ನು ನೋಡುವ ಹಂಬಲವಿದ್ದರೆ ಮಾಘಮಾಸದಲ್ಲಿ ಜೈಸಲಮೇರಕ್ಕೆ ಹೋಗಬಾರದೇ ಎಂದು ಒಬ್ಬರು ಕೇಳಿದರು. ಮರಳುಗಾಡಿನ ನಡುವೆ 1156ರಲ್ಲಿ ತಲೆಯೆತ್ತಿದ ಹೊಂಬಣ್ಣದ ಕೋಟೆ, ಇಂದಿಗೂ ಅದರೊಳಗೆ ಒಲೆ ಹೊತ್ತಿಸಿ ಬಾಳುತ್ತಿರುವ ಸಂಸಾರಗಳು, ಮಗ್ಗುಲಲ್ಲಿ ಗಡೀಸರ ಸರೋವರ, ಮಕ್ಕಳಿಗೆ ಒಂಟೆಯ ಸವಾರಿ. ಸಲಹೆ ಯೋಗ್ಯವಾದದ್ದೇ. ಆದರೂ ನಾವು ಬೀದರದ ದಾರಿಯನ್ನೇ ಹಿಡಿದೆವು, ಅದೂ ಬೇಸಗೆಯಲ್ಲಿಯೇ.

ಇದಕ್ಕೆ ಕಾರಣವಿಲ್ಲದಿರಲಿಲ್ಲ. ನೀರಿಲ್ಲದ ನಾಡುಗಳಲ್ಲಿ ಕೋಟೆ ಕಟ್ಟಿ ಬಾಳಿದ ಊರುಗಳ ವೃತ್ತಾಂತವನ್ನು ಓದುವಾಗ ಗೋಡೆಯ ಎತ್ತರ, ಬುರುಜುಗಳ ಲೆಕ್ಕ, ಬಾಗಿಲುಗಳ ಹೆಸರು ಇವೆಲ್ಲ ಸವಿಸ್ತಾರವಾಗಿ ದೊರೆಯುವುವು. ಒಳಗಿನ ಮನೆಗಳಲ್ಲಿ ಬೆಳಿಗ್ಗೆ ಮುಖ ತೊಳೆಯಲು ನೀರು ಎಲ್ಲಿಂದ ಬಂತೆಂಬುದು ಮಾತ್ರ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವುದು. ಸಂಸಾರ ನಡೆಸುವವರಿಗಾದರೋ ಅದೇ ಮೊದಲನೆಯ ಪ್ರಶ್ನೆ. ಮನೆಯ ಮಾಡು ಸೋರುವುದೋ ಇಲ್ಲವೋ ಎಂಬುದನ್ನು ಮಳೆಗಾಲದಲ್ಲಿ ನೋಡಬೇಕು. ಊರಿನ ನೀರನ್ನು ವೈಶಾಖದಲ್ಲಿ ನೋಡಬೇಕು. ನಮ್ಮ ನಾಡಿನ ಈಶಾನ್ಯದ ತುದಿಯಲ್ಲಿ ಒಣನೆಲದ ಮೇಲೆ ಮೂರು ರಾಜಧಾನಿಗಳ ಹೆಸರುಗಳಿವೆ: ಮಯೂರಖಂಡಿ, ಕಲ್ಯಾಣ, ಬೀದರ. ಇವುಗಳ ನೀರನ್ನು ಕಂಡು ಬರೋಣವೆಂದು ಹೊರಟೆವು.

ಕಲಬುರಗಿಯಿಂದ ಬೀದರಕ್ಕೆ ರೈಲುಮಾರ್ಗ ತೆರೆದುದು 2017ರಲ್ಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಬೇಕಾಗಿದ್ದ ಹುಮನಾಬಾದಕ್ಕೆ ಈಗ ರೈಲಿನಲ್ಲಿ ಕಿಟಕಿಯ ಮಗ್ಗುಲಲ್ಲಿ ಕುಳಿತು ಹೋಗಬಹುದು. ತೊಗರಿ ಕೊಯ್ದು ಬಿಟ್ಟ ಹೊಲಗಳು, ಬಾಯಿ ಬಿಟ್ಟ ಕರಿಮಣ್ಣು, ನಡುನಡುವೆ ಕೆಂಪು ಗುಡ್ಡ. ಹುಮನಾಬಾದದಲ್ಲಿ ಇಳಿದು ಸೊಲ್ಲಾಪುರದ ಹೆದ್ದಾರಿಯನ್ನು ಹಿಡಿದು, ಸಸ್ತಾಪುರ ಬಂಗ್ಲಾದ ಬಳಿ ತಿರುಗಿದರೆ ಬಸವಕಲ್ಯಾಣ. ನಾವು ಅಲ್ಲಿ ಗಂಟುಮೂಟೆಗಳನ್ನಿಳಿಸಿ ಮೊದಲು ಅದೇ ತಾಲ್ಲೂಕಿನ ಮೋರಖಂಡಿ ಗ್ರಾಮಕ್ಕೆ ಹೋದೆವು.

ಮೋರಖಂಡಿ ಎಂಬ ಹೆಸರನ್ನು ನಕಾಶೆಯಲ್ಲಿ ಕಂಡ ಇತಿಹಾಸಪ್ರಿಯರ ಎದೆ ಒಮ್ಮೆ ಹಾರದಿರದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಗೋವಿಂದನು (793–814) ಮಯೂರಖಂಡಿಯಲ್ಲಿದ್ದುಕೊಂಡು ದಾನಗಳನ್ನು ಕೊಟ್ಟುದಾಗಿ ಅವನ ತಾಮ್ರಶಾಸನಗಳು ಹೇಳುತ್ತವೆ. ಆ ಮಯೂರಖಂಡಿಯೇ ಈ ಮೋರಖಂಡಿ ಎಂಬುದು ಕೆಲವು ವಿದ್ವಾಂಸರ ಮತ. ಅಲ್ಲ, ಅದು ನಾಸಿಕ ಜಿಲ್ಲೆಯ ಮಾರ್ಕಿಂಡಾ ಗಿರಿದುರ್ಗ ಎಂಬುದು ಇತರರ ಮತ. ವಾದ ಇನ್ನೂ ತೀರಿಲ್ಲ. ಗೋವಿಂದನ ಮಗನಾದ ಅಮೋಘವರ್ಷನ ಕಾಲದಲ್ಲಿ ಕಾಗಿಣಾ ನದಿಯ ದಂಡೆಯ ಮಾನ್ಯಖೇಟವು ರಾಜಧಾನಿಯಾಗಿ ಬೆಳಗಿತು. ಅದೇ ಈಗಿನ ಮಳಖೇಡ. ಗುಡ್ಡವನ್ನು ಬಿಟ್ಟು ಹೊಳೆಯ ದಂಡೆಗೆ ಬಂದುದು ನೀರಿಗಾಗಿಯೇ ಎಂದು ಹೇಳಲು ನಮಗೆ ಆಧಾರವಿಲ್ಲ. ಆದರೆ ನಾಲ್ಕು ಜನರ ಅಡಿಗೆ ಮಾಡಿಸಿ ಬಲ್ಲವರಾರೂ ಆ ಗುಮಾನಿಯನ್ನು ಮನಸ್ಸಿನಿಂದ ತೆಗೆದುಹಾಕಲಾರರು.

ಮೋರಖಂಡಿಯಲ್ಲಿ ರಾಜಧಾನಿಯನ್ನು ಹುಡುಕುವವನಿಗೆ ಸಿಗುವುದು ಒಂದು ಸಾಧಾರಣ ಗ್ರಾಮ. ಹನ್ನೆರಡರ ಬಿಸಿಲು. ಹೊಲದ ಬದುವಿನ ಬೇವಿನ ಮರದ ಕೆಳಗೆ ಒಬ್ಬ ವೃದ್ಧೆಯು ಸೊಂಟದ ಕೊಡವನ್ನಿಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ನಮ್ಮ ಬೆವರಿದ ಮುಖಗಳನ್ನು ನೋಡಿ, ಕೇಳುವ ಮೊದಲೇ ತಂಬಿಗೆಯಲ್ಲಿ ನೀರು ಕೊಟ್ಟಳು.

“ಎಲ್ಲಿಂದ ಬಂದೀರಿ? ಏನ್ ನೋಡ್ಲಾಕ ಬಂದೀರಿ?”

“ಇಲ್ಲಿ ಹಿಂದೆ ಒಬ್ಬ ದೊಡ್ಡ ರಾಜ ಇದ್ದನಂತೆ ಆಯಿ, ಆ ಜಾಗ ನೋಡಲು ಬಂದೆವು” ಎಂದೆವು.

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. “ರಾಜ ಇದ್ದಿದ್ರ ಅವನಿಗಿ ನೀರ್ ಯಾರ್ ಹೊತ್ತಿರಬೇಕು?” ಎಂದು ಕೇಳಿ, ಕೊಡವನ್ನೆತ್ತಿಕೊಂಡು ನಡೆದುಬಿಟ್ಟಳು.

ಗೋವಿಂದನ ದಿಗ್ವಿಜಯದಲ್ಲಿ ಅವನ ಕುದುರೆಗಳು ಹಿಮಾಲಯದ ಝರಿಗಳ ನೀರನ್ನು ಕುಡಿದುವೆಂದು ಅಮೋಘವರ್ಷನ ಸಂಜಾನದ ತಾಮ್ರಶಾಸನವು ಹೊಗಳುತ್ತದೆ. ಕುದುರೆಗಳು ದೂರದೇಶದಲ್ಲಿ ಎಲ್ಲಿ ನೀರು ಕುಡಿದುವೆಂಬುದು ನಮಗೆ ಗೊತ್ತು. ಅವನ ಮನೆಗೆ ನೀರು ಹೊತ್ತವರಾರೆಂಬುದು ಗೊತ್ತಿಲ್ಲ. ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾವು ಮುಂದಿನ ಊರುಗಳನ್ನು ನೋಡಿದೆವು.

ಇಲ್ಲಿ ವಾಚಕರಿಗೆ ಒಂದು ಮಾತನ್ನು ಒಪ್ಪಿಸಬೇಕು. ಬೀದರ ಜಿಲ್ಲೆ ಮರುಭೂಮಿಯಲ್ಲ. ಸಾಮಾನ್ಯ ವರ್ಷಗಳಲ್ಲಿ ಇಲ್ಲಿ 800 ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುತ್ತದೆ. ಜೈಸಲಮೇರದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಆದರೆ ಬಿದ್ದ ಮಳೆಯೆಲ್ಲ ಆಷಾಢದಿಂದ ಆಶ್ವಯುಜದೊಳಗೆ ಬಿದ್ದು ಮುಗಿಯುತ್ತದೆ. ಕರಿಕಲ್ಲಿನ ನೆಲದ ಮೇಲೆ ಅದು ನಿಲ್ಲದೆ ಹರಿದುಹೋಗುತ್ತದೆ. ಬೀದರದ ಕಡೆಯ ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ ಸೋಸಿದಂತೆ ಇಳಿದು ಕಾಣದಾಗುತ್ತದೆ. ಮೇಲೆ ಕುಳಿತವನಿಗೆ ಎರಡೂ ಒಂದೇ. ಮಾಘ ಕಳೆಯುವ ಹೊತ್ತಿಗೆ ಹಳ್ಳಗಳು ಬತ್ತುವುವು. ಮಾಂಜ್ರಾ ನದಿಯಿದೆ, ಆದರೆ ಅದು ಕೆಳಗೆ ತಗ್ಗಿನಲ್ಲಿದೆ. ತೀರ ಹಳೆಯ ಮಾತೇಕೆ? 2016ರ ಏಪ್ರಿಲಿನಲ್ಲಿ ನೆರೆಯ ಲಾತೂರು ಪಟ್ಟಣಕ್ಕೆ ಕುಡಿಯುವ ನೀರನ್ನು ಮೀರಜದಿಂದ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರ ರೈಲಿನಲ್ಲಿ ಸಾಗಿಸಬೇಕಾಯಿತು. ಮಾಂಜ್ರಾ ನದಿಯ ಸೀಮೆಯಲ್ಲಿ, ಸಾವಿರ ವರ್ಷಗಳ ರಾಜಧಾನಿಗಳ ಮಗ್ಗುಲಲ್ಲಿ, ನೀರು ಗಾಡಿಯೇರಿ ಬಂತು. ನಮ್ಮನ್ನು ನಕ್ಕ ಮಿತ್ರರಿಗೆ ಇದನ್ನು ನೆನಪಿಸಿದೆವು.

ಬಸವಕಲ್ಯಾಣದ ಕೋಟೆಯನ್ನು ಸಂಜೆಯ ತಂಪಿನಲ್ಲಿ ನೋಡಬೇಕು. ಕರಿಕಲ್ಲಿನ ಗೋಡೆಗಳು, ಒಂದರೊಳಗೊಂದು ಬಾಗಿಲು, ಕಂದಕ, ಒಳಗೆ ಅರಮನೆಯ ಭಾಗಗಳು, ಬಾವಿಗಳು, ತೋಪು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಈ ಸೀಮೆಯ ಹಳೆಯ ಜೈನವಿಗ್ರಹಗಳಿವೆ. ಚಾಲುಕ್ಯರಿಂದ ಹಿಡಿದು ಬಹಮನಿಗಳು, ವಿಜಾಪುರದವರು, ಮೊಗಲರು, ಕೊನೆಗೆ 1948ರವರೆಗೆ ಹೈದರಾಬಾದ ಸಂಸ್ಥಾನಕ್ಕೊಳಪಟ್ಟ ಕಲ್ಯಾಣಿಯ ನವಾಬರು, ಹೀಗೆ ಹಲವರ ಕೈ ಇದರ ಮೇಲೆ ಆಡಿದೆ. ಯಾವ ಕಲ್ಲು ಯಾರದೆಂದು ಬಿಡಿಸುವುದು ತಜ್ಞರ ಕೆಲಸ.

ಈ ಕೋಟೆಯ ಸತ್ವವೇನೆಂಬುದು 1657ರಲ್ಲಿ ತಿಳಿದುಬಂತು. ಆ ವರ್ಷ ಔರಂಗಜೇಬನು, ಆಗಿನ್ನೂ ರಾಜಕುಮಾರ, ದೊಡ್ಡ ಸೈನ್ಯದೊಡನೆ ಮೊದಲು ಬೀದರಕ್ಕೆ ಬಂದನು. ಬಂಡೆಯಲ್ಲಿ ಕೊರೆದ ಕಂದಕಗಳುಳ್ಳ ಆ ಮಹಾದುರ್ಗವು ಒಂದು ತಿಂಗಳೊಳಗೇ ಬಿತ್ತು. ಬುರುಜಿನೊಳಗಿದ್ದ ಮದ್ದಿಗೆ ಕಿಡಿ ತಗುಲಿ ಸ್ಫೋಟವಾಗಿ, ದುರ್ಗಾಧಿಪತಿ ಸಿದ್ದಿ ಮರ್ಜಾನನೂ ಅವನ ಮಕ್ಕಳೂ ಸುಟ್ಟುಹೋದರು. ಆಮೇಲೆ ಸೈನ್ಯವು ಕಲ್ಯಾಣಿಗೆ ತಿರುಗಿತು. ಬೀದರದ ಮುಂದೆ ಇದೇನು ಲೆಕ್ಕ ಎಂದು ನೋಡಿದವರಿಗೆ ತೋರಿರಬೇಕು. ಆದರೆ ಮೇ ತಿಂಗಳ ಮೊದಲ ವಾರದಲ್ಲಿ ಆರಂಭವಾದ ಮುತ್ತಿಗೆಯು ಜುಲೈ ತಿಂಗಳು ಮುಗಿಯುವವರೆಗೂ ಎಳೆಯಿತು. ಮೊಗಲರು ಕಂದಕದಲ್ಲಿ ತುಂಬಿದುದನ್ನು ಒಳಗಿನವರು ಸುಟ್ಟರು. ಹೊರಗಿನವರು ಮತ್ತೆ ಕಲ್ಲುಮಣ್ಣು ತಂದು ತುಂಬಿದರು. ನಾವು ನಿಂತು ಬೆವರೊರಸಿಕೊಳ್ಳುತ್ತಿದ್ದ ಅದೇ ಬಿಸಿಲಿನಲ್ಲಿ, ಮುತ್ತಿಗೆಯ ನಡುವೆ, ಇಷ್ಟು ವಾರ ಜನರೂ ದನಕರುಗಳೂ ಒಳಗೆ ಬದುಕಿದ್ದರೆಂದಮೇಲೆ ಒಳಗೆ ನೀರಿತ್ತೆಂದೇ ಅರ್ಥ. ಕೋಟೆಯೊಳಗಿನ ಬಾವಿಯ ಕಟ್ಟೆಯ ಮೇಲೆ ಹಗ್ಗ ಉಜ್ಜಿ ಸವೆದ ಗುರುತುಗಳನ್ನು ನಮ್ಮ ಮನೆಯವರು ಬೆರಳಿಂದ ಮುಟ್ಟಿ ನೋಡಿದರು. ಕಾವಲಿನವನು ನಮ್ಮನ್ನು ತೋಪಿನ ಕಡೆಗೆ ಕರೆಯುತ್ತಿದ್ದನು; ಎಲ್ಲರೂ ಅದನ್ನೇ ನೋಡುವರಂತೆ.

ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿದವನು ಚಾಲುಕ್ಯ ಒಂದನೆಯ ಸೋಮೇಶ್ವರ. ಮಾನ್ಯಖೇಟವನ್ನು ಬಿಟ್ಟು ಹನ್ನೊಂದನೆಯ ಶತಮಾನದ ನಡುಗಾಲದಲ್ಲಿ ಇಲ್ಲಿಗೆ ಬಂದನು. ಒಣಭೂಮಿಯ ಮೇಲೆ ಪಟ್ಟಣ ಕಟ್ಟಿದ ಈ ದೊರೆಯು ವಾಸಿಯಾಗದ ರೋಗದಿಂದ ನೊಂದು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಪ್ರಾಣಬಿಟ್ಟನು. ಅವನ ಮಗ ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳಿಕೆಯಲ್ಲಿ ಕಲ್ಯಾಣಕ್ಕೆ ಕಾಶ್ಮೀರದಿಂದ ಕವಿ ಬಿಲ್ಹಣನು ಬಂದನು; ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನು. ಆಸ್ತಿಯ ಪಾಲಿನ ವ್ಯಾಜ್ಯಕ್ಕೆ ನ್ಯಾಯಾಲಯದ ಮೆಟ್ಟಲು ಹತ್ತಿದ ಗೃಹಸ್ಥರೆಲ್ಲರೂ ಆ ಗ್ರಂಥದ ಹೆಸರನ್ನು ವಕೀಲರ ಬಾಯಿಂದ ಕೇಳಿಯೇ ಇರುತ್ತಾರೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆ ಪಾನೀಯಭೋಗಕ್ಕೂ ಒಂದು ಪ್ರಕರಣವುಂಟು. ಮಳೆಯ ನೀರು, ಹೊಳೆಯ ನೀರು, ಝರಿಯ ನೀರು ಎಂದು ವಿಂಗಡಿಸಿ, ತಿಳಿಗೊಳಿಸಿ, ಸುಗಂಧ ಕೂಡಿಸಿ ಕುಡಿಯುವ ವಿಧಾನವನ್ನು ಅರಸನು ವಿವರಿಸುತ್ತಾನೆ. ಹೊತ್ತು ತಂದವರ ಹೆಸರನ್ನು ಹೇಳುವುದು ಅವನ ಕೆಲಸವಾಗಿರಲಿಲ್ಲವಷ್ಟೆ.

ಆ ಹೆಸರುಗಳು ಕಲ್ಯಾಣದಲ್ಲಿ ಕೇಳಿಬಂದುದು ಇನ್ನೊಂದು ತಲೆಮಾರಿನ ಮೇಲೆ. ಬಸವಣ್ಣನವರ ಕಾಲದಲ್ಲಿ ಇಲ್ಲಿ ನೆರೆದ ಶರಣರು ತಮ್ಮ ಕಾಯಕದಿಂದಲೇ ಹೆಸರಾದವರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ, ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಈ ಕಾಯಕಗಳನ್ನು ಸ್ವಲ್ಪ ಗಮನಿಸಿರಿ. ಮಡಿವಾಳನಿಗೆ ನೀರು ಬೇಕು. ಅಂಬಿಗನಿಗಂತೂ ಬೇಕೇ ಬೇಕು. ತೊಗಲು ಹದಮಾಡುವವನಿಗೆ, ನಾರು ನೆನೆಯಿಡುವವನಿಗೆ ಬೇಕು. ಬಾವಿಯ ಊರಿನಲ್ಲಿ ಇವರ ಕಸುಬು ನಡೆಯುವುದಿಲ್ಲ. ಕೆರೆಯ ಊರೇ ಆಗಬೇಕು. ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ನಿಂತು ನೋಡಿದಾಗ ಇದು ನಮಗೆ ಹೊಳೆಯಿತು. ಅನುಭವ ಮಂಟಪವಿರುವುದು ಈ ಕೆರೆಯ ಮಗ್ಗುಲಲ್ಲಿ. 2021ರ ಜನವರಿಯಲ್ಲಿ ಹೊಸ ಮಂಟಪಕ್ಕೆ ಅಡಿಗಲ್ಲಿಟ್ಟುದೂ ಇಲ್ಲಿಯೇ.

ಹಾಗೆಂದು ನೀರಿದ್ದರೆ ಸಾಕು ಊರು ಉಳಿಯುವುದೆಂದು ಹೇಳಿಬಿಡುವ ಹಾಗಿಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದುದನ್ನು ಸಹಿಸದೆ ತಂದೆಯರಿಬ್ಬರನ್ನೂ ಕೊಲ್ಲಿಸಿದುದು, ಬಿಜ್ಜಳನ ಕೊಲೆ, ಶರಣರು ಉಳವಿಯ ಕಾಡಿನವರೆಗೆ ಚೆದುರಿದುದು ಎಲ್ಲರಿಗೂ ತಿಳಿದ ಕಥೆ. 1167ರ ಸುಮಾರಿನ ಆ ದಿನಗಳಲ್ಲಿಯೂ ಕೆರೆಯಲ್ಲಿ ನೀರಿದ್ದಿರಬೇಕು. ಆ ಶತಮಾನ ಮುಗಿಯುವುದರೊಳಗೆ ಚಾಲುಕ್ಯರ ಆಳಿಕೆಯೂ ಮುಗಿಯಿತು. ಕಲ್ಯಾಣವು ಮತ್ತೆ ಸಾಮ್ರಾಜ್ಯದ ರಾಜಧಾನಿಯಾಗಲಿಲ್ಲ.

ಮರುದಿನ ಬೀದರದ ದಾರಿಯಲ್ಲಿ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಗಳಿಗೆ ಇಳಿದೆವು. ಅಲ್ಲಿಯ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಕೀರ್ತಿ. ಒಂಬತ್ತು ನೂರು ವರ್ಷಗಳಿಂದ ಬರೆಯುತ್ತಲೇ ಇದ್ದಾಳೆ, ಕೈ ಸೋತಂತೆ ಕಾಣುವುದಿಲ್ಲ. ಊರಿನ ಹೆಸರಿನಲ್ಲಿಯೇ ಜಲವಿರುವುದನ್ನು ನಮ್ಮ ಹುಡುಗನು ತೋರಿಸಿಕೊಟ್ಟನು.

ಇನ್ನು ಬೀದರ. ನಾವು ಹುಡುಕಿಕೊಂಡು ಬಂದ ಸಂಗತಿಯು ಪೂರ್ಣರೂಪದಲ್ಲಿ ಕಾಣುವುದು ಇಲ್ಲಿಯೇ. ಎರಡು ಸಾವಿರ ಅಡಿಗೂ ಮಿಕ್ಕ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ಕೋಟೆ ಕುಳಿತಿದೆ. ಬಹಮನಿ ಸುಲ್ತಾನ ಅಹಮದ ಶಹನು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಕೋಟೆಯ ಸುತ್ತಿನ ಕಂದಕವು ಅಗೆದದ್ದಲ್ಲ, ಬಂಡೆಯಲ್ಲಿ ಕೊರೆದದ್ದು; ಕೆಲವು ಕಡೆ ನಡುವೆ ಬಂಡೆಯ ಗೋಡೆಗಳನ್ನು ಉಳಿಸಿ ಮೂರು ಸಾಲಾಗಿ ಕೊರೆದಿದ್ದಾರೆ. ರಂಗೀನ ಮಹಲು, ಸೋಲಹ ಖಂಬಾ ಮಸೀದಿ, ಊರೊಳಗೆ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ, ಇವನ್ನೆಲ್ಲ ನೋಡಲು ಎರಡು ದಿನಗಳಾದರೂ ಬೇಕು. ಇವುಗಳ ವರ್ಣನೆಯನ್ನು ಇತರರು ಸಾಕಷ್ಟು ಮಾಡಿದ್ದಾರಾದ್ದರಿಂದ ನಾವು ನೆಲದ ಕೆಳಗೆ ಇಳಿಯುತ್ತೇವೆ.

ಜಂಬಿಟ್ಟಿಗೆಯು ತೂತುತೂತಾದ ಕಲ್ಲು; ಭೂಮಿಯಲ್ಲಿರುವಾಗ ಮೆತು, ಗಾಳಿಗೆ ತೆರೆದ ಮೇಲೆ ಗಟ್ಟಿ. ಅದರ ಕೆಳಗಿರುವುದು ನೀರನ್ನು ಸುಲಭವಾಗಿ ಬಿಟ್ಟುಕೊಡದ ಕಪ್ಪು ಶಿಲೆ. ಮಳೆಯ ನೀರು ಮೇಲಿನ ಕಲ್ಲಿನಲ್ಲಿ ಜಿನುಗಿ ಇಳಿದು, ಕೆಳಗಿನ ಕಲ್ಲಿಗೆ ತಾಗಿ ನಿಂತು, ಪ್ರಸ್ಥಭೂಮಿಯ ಅಂಚಿನಲ್ಲಿ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಹೊರಬೀಳುತ್ತದೆ. ಬೀದರದ ಪುಣ್ಯಕ್ಷೇತ್ರಗಳೆಲ್ಲ ಇಂಥ ಬುಗ್ಗೆಗಳ ಬಾಯಲ್ಲಿಯೇ ಇವೆಯೆಂಬುದು ನೋಡತಕ್ಕ ವಿಷಯ. ಝರಣಿ ನರಸಿಂಹ, ಪಾಪನಾಶ, ಸಿಖ್ಖರ ನಾನಕ ಝೀರಾ: ದೇವರುಗಳು ಬೇರೆ, ನೀರು ಒಂದೇ. ಝರಣಿಯಲ್ಲಿ ಭಕ್ತರು ಸುರಂಗದೊಳಗೆ ಸುಮಾರು ಮುನ್ನೂರು ಮೀಟರು ದೂರ ನೀರಿನಲ್ಲಿಯೇ ನಡೆದು ಹೋಗಿ ಕೊನೆಯಲ್ಲಿರುವ ದೇವರನ್ನು ಕಾಣುತ್ತಾರೆ. ಮಳೆ ಚೆನ್ನಾಗಿ ಬಿದ್ದ ವರ್ಷಗಳಲ್ಲಿ ನೀರು ಎದೆಮಟ್ಟ ಬರುವುದು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು.

ತಾನಾಗಿ ಬೀಳುವ ಬುಗ್ಗೆಗಾಗಿ ಕಾಯದೆ, ಆ ನೀರು ಇರುವಲ್ಲಿಗೇ ಹೋಗಿ ಊರಿಗೆ ಕರೆತರುವ ಏರ್ಪಾಟಿಗೆ ಕಾರೇಜ ಎಂದು ಹೆಸರು. ಎತ್ತರದ ನೆಲದಲ್ಲಿ ನೀರು ಸಿಗುವವರೆಗೆ ಒಂದು ತಾಯಿಬಾವಿಯನ್ನು ತೋಡುವರು. ಅದರ ತಳದಿಂದ ಊರಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ, ಒಂದು ಸುರಂಗವನ್ನು ಕೊರೆಯುವರು. ಮಣ್ಣು ಮೇಲೆತ್ತಲೂ ಕೆಲಸದವರಿಗೆ ಉಸಿರಾಡಲೂ ದಾರಿಯುದ್ದಕ್ಕೂ ನೇರ ಬಾವಿಗಳನ್ನು ಇಳಿಸುವರು. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆದು ಕೆಡಿಸುವುದು. ಕಡಿಮೆಯಾದರೆ ಹೂಳು ಕೂಡುವುದು. ಸರಿಯಾಗಿ ಕೂಡಿಬಂದರೆ ನೀರು ಬಿಸಿಲನ್ನು ಕಾಣದೆ, ಆವಿಯಾಗದೆ, ಯಾರೂ ಸೇದದೆ ಎತ್ತದೆ, ತಾನೇ ನಡೆದು ಬರುವುದು. ಮೋರಖಂಡಿಯ ಆಯಿಯ ಪ್ರಶ್ನೆಗೆ ಇದೊಂದು ಉತ್ತರ: ಇಲ್ಲಿ ನೀರನ್ನು ಯಾರೂ ದೂರದಿಂದ ಹೊತ್ತು ತರಲಿಲ್ಲ.

ಈ ವಿದ್ಯೆ ಪಾರಸೀಕರದು. ಅಹಮದ ಶಹನು ಕೆರ್ಮಾನ ಪ್ರಾಂತದ ಮಾಹಾನಿನಲ್ಲಿದ್ದ ಸೂಫಿ ಶಹ ನಿಯಾಮತುಲ್ಲಾ ಅವರಲ್ಲಿ ಭಕ್ತಿಯುಳ್ಳವನಾಗಿ ಅವರ ಮನೆತನದವರನ್ನು ಬೀದರಕ್ಕೆ ಕರೆಸಿಕೊಂಡನು. ಅವರ ಮಗ ಖಲೀಲುಲ್ಲಾರ ಸಮಾಧಿಯಾದ ಚೌಖಂಡಿಯನ್ನು ಅಷ್ಟೂರಿನ ದಾರಿಯಲ್ಲಿ ಈಗಲೂ ಕಾಣಬಹುದು. ಗವಾನನು ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನದವನು. ಗುರುಗಳೂ ಮಂತ್ರಿಗಳೂ ಬಂದ ದಾರಿಯಲ್ಲಿಯೇ ಗುದ್ದಲಿ ಹಿಡಿದವರೂ ಬಂದಿರಬೇಕೆಂಬುದು ನಮ್ಮ ಊಹೆ. ಅವರ ಸಮಾಧಿಗಳಿಗೆ ಗುಮ್ಮಟಗಳಿಲ್ಲ.

ಕೆರ್ಮಾನ ಪ್ರಾಂತದಲ್ಲಿಯೇ ಬಾಮ್ ಎಂಬ ಪಟ್ಟಣವುಂಟು. ನಿಜವಾದ ಮರುಭೂಮಿಯ ನಡುವಿನ ಕೋಟೆಯೂರು. ಹಸಿ ಇಟ್ಟಿಗೆಯಿಂದ ಕಟ್ಟಿದ ಅದರ ದುರ್ಗವೂ ಸುತ್ತಲಿನ ಖರ್ಜೂರದ ತೋಟಗಳೂ ಬದುಕಿದ್ದುದು ಇಂಥ ಸುರಂಗಗಳ ನೀರಿನಿಂದಲೇ. 2003ರ ಡಿಸೆಂಬರ 26ರ ಬೆಳಗಿನ ಜಾವ ಭೂಕಂಪವಾಗಿ ದುರ್ಗವು ಕುಸಿಯಿತು. ಪಟ್ಟಣದಲ್ಲಿ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಜನರು ಸತ್ತರು. ಗೋಡೆಗಳನ್ನು ಮತ್ತೆ ಎಬ್ಬಿಸುವ ಕೆಲಸದ ಸುದ್ದಿ ಲೋಕಕ್ಕೆಲ್ಲ ಮುಟ್ಟಿತು. ಆದರೆ ಖರ್ಜೂರದ ಗಿಡಗಳಿಗೆ ಬೇಕಾದುದು ಗೋಡೆಗಳಲ್ಲ, ಸುರಂಗಗಳು.

ಸುರಂಗವನ್ನು ತೋಡುವ ಕಸುಬಿನವರನ್ನು ಇರಾನಿನಲ್ಲಿ ಮುಕನ್ನಿ ಎನ್ನುವರು. ಮಣ್ಣು ಕುಸಿದು, ಉಸಿರು ಕಟ್ಟಿ ಸಾಯುವ ಭಯ ನಿತ್ಯವೂ ಇದ್ದುದರಿಂದ, ಇಳಿಯುವಾಗ ಅವರು ಬಿಳಿಯ ಬಟ್ಟೆ ಉಡುವುದು ವಾಡಿಕೆ. ಅಲ್ಲಿಯೇ ಸತ್ತರೆ ಅದೇ ಹೆಣದ ಬಟ್ಟೆ. ಗ್ರೀಕ ಇತಿಹಾಸಕಾರ ಪೊಲಿಬಿಯಸನು ಕ್ರಿಸ್ತಪೂರ್ವ 209ರ ಒಂದು ಯುದ್ಧವನ್ನು ವರ್ಣಿಸುವಾಗ, ನೀರಿಲ್ಲದ ನೆಲಕ್ಕೆ ಹೀಗೆ ನೀರು ತಂದವರಿಗೆ ಆ ಭೂಮಿಯ ಅನುಭೋಗವನ್ನು ಐದು ತಲೆಮಾರುಗಳವರೆಗೆ ಪಾರಸೀಕ ಅರಸರು ಬಿಟ್ಟುಕೊಟ್ಟಿದ್ದರೆಂದು ಹೇಳುತ್ತಾನೆ. ಅದೇ ಯುದ್ಧದಲ್ಲಿ ಪಾರ್ಥಿಯದ ಅರಸನು ಮರುಭೂಮಿಯ ಸುರಂಗಬಾವಿಗಳನ್ನು ಮುಚ್ಚಿಸಿ ಶತ್ರುಸೈನ್ಯವನ್ನು ಬಾಯಾರಿಸಲು ಯತ್ನಿಸಿದನು. ಎದುರಾಳಿಯಾದ ಅಂತಿಯೋಕನು ಕುದುರೆಯ ದಂಡನ್ನು ಕಳುಹಿಸಿ ಅದನ್ನು ತಡೆದನು. ಎರಡು ಸಾವಿರ ವರ್ಷಗಳ ಹಿಂದೆ ಇಂಥ ಬಾವಿಗಳನ್ನು ಮುಚ್ಚಲು ಒಬ್ಬ ಅರಸನ ಸೈನ್ಯವೇ ಬೇಕಾಯಿತು.

ನಮ್ಮ ಕಾಲದಲ್ಲಿ ಅಷ್ಟು ಶ್ರಮ ಬೇಕಾಗಿಲ್ಲ. ಬೀದರ ಪಟ್ಟಣದ ಸೆರಗಿನಲ್ಲಿರುವ ನೌಬಾದದ ಕಾರೇಜವು ಕಿಲೋಮೀಟರುಗಟ್ಟಲೆ ಉದ್ದವಾದದ್ದು. ಇಪ್ಪತ್ತಕ್ಕೂ ಹೆಚ್ಚು ನೇರ ಬಾವಿಗಳು ಅದರ ಮೇಲೆ ಸಾಲಾಗಿವೆ. ಇವುಗಳ ಉಪಯೋಗವನ್ನು ಜನರು ಮರೆತ ಮೇಲೆ, ಬಾಯಿ ತೆರೆದ ಬಾವಿಯಲ್ಲಿ ಕಸ ಹಾಕಿದರು, ಕಲ್ಲುಮಣ್ಣು ಸುರಿದರು. ಮುಚ್ಚಿದ ಕಡೆಯಿಂದ ಮುಂದಕ್ಕೆ ನೀರು ಬರುವುದಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. 2010ರ ದಶಕದಲ್ಲಿ ಸಂಶೋಧಕರೂ ಸ್ಥಳೀಯ ಉತ್ಸಾಹಿಗಳೂ ಜಿಲ್ಲಾಡಳಿತವೂ ಕೂಡಿ ಸಾಲನ್ನು ಗುರುತಿಸಿ ಹೂಳೆತ್ತಿಸಿದರು. ಮರೆತ ನೀರು ಮತ್ತೆ ಹರಿಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2020ರ ತನ್ನ ಪಟ್ಟಿಯಲ್ಲಿ ದಖ್ಖನ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳನ್ನು ಸೇರಿಸಿತು. ಆದರೆ ಪಟ್ಟಿಯಲ್ಲಿ ಸೇರುವುದೇ ಬೇರೆ, ಬೀದಿಯಲ್ಲಿ ಉಳಿಯುವುದೇ ಬೇರೆ. ಒಮ್ಮೆ ಹೂಳೆತ್ತಿದರೆ ಮುಗಿಯುವ ಕೆಲಸವೂ ಇದಲ್ಲ. ಮನೆಯ ಅಂಗಳ ಗುಡಿಸಿದಂತೆ ಮತ್ತೆ ಮತ್ತೆ ಮಾಡಬೇಕು. ಸುತ್ತಲಿನ ನೆಲದಲ್ಲಿ ಕೊಳವೆಬಾವಿಗಳನ್ನು ಆಳಕ್ಕೆ ಕೊರೆದಷ್ಟೂ ತಾಯಿಬಾವಿಯ ನೀರು ಇಳಿಯುವುದೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಸಾಹಸಕ್ಕೆ ಸುಲ್ತಾನರೇ ಬೇಕೆಂದು ತಿಳಿಯಬೇಕಾಗಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕಡೆ ಅದೇ ಜಂಬಿಟ್ಟಿಗೆಯ ಗುಡ್ಡಗಳಲ್ಲಿ ಒಕ್ಕಲು ಮನೆಗಳವರು ತಮ್ಮ ಅಡಕೆತೋಟಗಳಿಗಾಗಿ ಸುರಂಗ ಕೊರೆದಿದ್ದಾರೆ. ಹಿತ್ತಿಲ ಗುಡ್ಡದಿಂದ ಅಡಿಗೆಮನೆಯ ತೊಟ್ಟಿಗೆ ನೀರು ತಾನೇ ಬಂದು ಬೀಳುವ ಮನೆಗಳು ಅಲ್ಲಿವೆ. ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳು ಬರಿದಾದುವು, ಅವರು ಬಿಡಲಿಲ್ಲ, ಕೊನೆಗೆ ನೀರು ಬಂತು, ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ನೀರು ತಂದವರೊಬ್ಬರ ಹೆಸರಾದರೂ ಹೀಗೆ ದಾಖಲಾಯಿತಲ್ಲಾ ಎಂದು ನಮಗೆ ಸಮಾಧಾನ.

ಬೀದರಕ್ಕೆ ಹೋಗುವವರಿಗೆ ಒಂದು ವ್ಯಾವಹಾರಿಕ ಸೂಚನೆ. ಕೋಟೆಯನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿಕೊಂಡು ಮಧ್ಯಾಹ್ನವನ್ನು ಬುಗ್ಗೆಗಳ ಬಳಿ ಕಳೆಯಿರಿ. ನೌಬಾದಕ್ಕೆ ದಾರಿ ಬಲ್ಲ ಸ್ಥಳೀಯರನ್ನು ಜೊತೆಗೆ ಕರೆದುಕೊಂಡೇ ಹೋಗಿರಿ. ಮಕ್ಕಳ ಕೈ ಬಿಡಬೇಡಿರಿ, ಬಾವಿಗಳು ಆಳ.

ನಾವು ನೌಬಾದಕ್ಕೆ ಹೋದಾಗ ಸಂಜೆಯಾಗುತ್ತಿತ್ತು. ಒಂದು ಬಾವಿಯ ಕಟ್ಟೆಯ ಮೇಲೆ ಬಾಗಿ ನೋಡಿದರೆ ಕತ್ತಲೆಯಲ್ಲದೆ ಏನೂ ಕಾಣಲಿಲ್ಲ. ಮುಖಕ್ಕೆ ಮಾತ್ರ ತಣ್ಣನೆಯ ಗಾಳಿ ಬಂದು ತಾಗಿತು. ಹುಡುಗನು ಕಿವಿಯಿಟ್ಟು ಕೇಳಿ, ನೀರಿನ ಸಪ್ಪಳ ಕೇಳಿಸುತ್ತದೆಂದನು. ನಮ್ಮ ಮನೆಯವರಿಗೂ ಕೇಳಿಸಿತಂತೆ. ನಮ್ಮ ವಯಸ್ಸಿನ ಕಿವಿಗೆ ಅದು ಖಚಿತವಾಗಲಿಲ್ಲ. ಅಷ್ಟರಲ್ಲಿ ಎದುರಿನ ಓಣಿಗೆ ನೀರಿನ ಟ್ಯಾಂಕರ ಬಂತು. ಹೆಂಗಸರು ಪ್ಲಾಸ್ಟಿಕ್ಕಿನ ಕೊಡಗಳನ್ನು ಹಿಡಿದು ಒಬ್ಬರ ಹಿಂದೊಬ್ಬರು ಓಡಿದರು; ನಮ್ಮ ದಾರಿ ತೋರಿಸಲು ಬಂದಿದ್ದ ಹುಡುಗಿಯೂ “ನಿಂದರ್ರಿ, ಬಂದೆ” ಎಂದು ಹೇಳಿ ಕೊಡ ತರಲು ಮನೆಯೊಳಗೆ ಹೋದಳು.